ಹತ್ತು ಇಸ್ಪೀಟೆಲೆ, ಅಣ್ಣನ ಫೋನು

ಮರಳವಾಡಿ
೧೮-೬-೨೦೦೬, ಭಾನುವಾರ

ಪ್ರೀತಿಯ ಮಗಳು ಲತಾಮಣಿಗೆ ನಿನ್ನ ಸ್ವಾಮಿ ಚಿಕ್ಕಪ್ಪ ಮನಸಾರೆ ಮಾಡುವ ಆಶೀರ್ವಾದ.

ಹೊಸೂರಿನ ಹವೆ ಈಗಲಾದರೂ ನಿನಗೆ ಒಗ್ಗಿತೆ? ಹಾಸ್ಟೆಲಿನ ಊಟಕ್ಕೆ ಹೊಟ್ಟೆ ಕೆಡುತ್ತದೆ ಎಂದು ಸಂಕ್ರಾಂತಿಯ ಕಾಗದದಲ್ಲಿ ನೀನು ಬರೆದಿದ್ದೆ. ರಾಗಿ ಹಿಟ್ಟು ಕಳಿಸುತ್ತೇನೆ, ಮುದ್ದೆ ಕಟ್ಟಲು ಬಾರದಿದ್ದರೆ ಅಂಬಲಿ ಮಾಡಿಕೊಂಡು ಕುಡಿ. ಇಲ್ಲಿ ನಿಮ್ಮವ್ವ ಮಾಯಮ್ಮ ಅತ್ತಿಗೆಗೆ ಮಂಡಿ ನೋವು ಒಸಿ ಕಡಿಮೆ. ನಿಮ್ಮಪ್ಪ ಕರಿಯಪ್ಪ ಗಟ್ಟಿಯಾಗಿದ್ದಾನೆ, ನನ್ನನ್ನು ಬಯ್ಯುವ ದನಿ ಹಿಪ್ಪುನೇರಳೆ ತೋಟದ ಆ ತುದಿಗೂ ಕೇಳುತ್ತದೆ. ನನ್ನ ವಿಷಯ ಬಿಡು, ಮೊನ್ನೆಯಿಂದ ನನ್ನನ್ನು ಮಾತಾಡಿಸದೆ ಈ ಊರಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಥೆಯ ಸೊಗಸೇ ಹೋಗಿಬಿಡುತ್ತದೆ.

ನನ್ನ ಇಸ್ಪೀಟು ವಿದ್ಯೆ ನಿನಗೆ ಗೊತ್ತಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಆದರೆ ನನ್ನ ಕೈಯ ಬೆರಳುಗಳು ಕಾಲೇಜು ಮುಗಿಸಿವೆ. ಈ ಸಲ ಹೊಸದೊಂದು ಕಲಿತೆ. ಹೇಳಿಕೊಟ್ಟವನು ರಾಮನಗರದ ಇದ್ರೀಸ್, ನಮ್ಮ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ರೀಲರ್. ನೋಡುವವನ ಫೋನನ್ನು ಅವನ ಕೈಯಲ್ಲೇ ಬಿಡಬೇಕು. ಎಲೆ ಕಲೆಸಿ ಒಂದೊಂದಾಗಿ ಹತ್ತು ಎಲೆ ತಿರುವಿ ಹಾಕಬೇಕು. ಎಕ್ಕ ಬಂದರೆ ಒಂದು, ಹತ್ತು ಬಂದರೆ ಸೊನ್ನೆ, ಉಳಿದವು ಇದ್ದ ಹಾಗೆ. ಅವನು ಅದೇ ಅಂಕಿ ಒತ್ತುತ್ತಾ ಹೋದರೆ ಫೋನು ನಾವು ಅಂದುಕೊಂಡ ಮನುಷ್ಯನಿಗೇ ಹೋಗುತ್ತದೆ! ಗುಟ್ಟು ನಿನಗೊಬ್ಬಳಿಗೇ ಹೇಳುತ್ತೇನೆ. ಹತ್ತು ಎಲೆ ಮೊದಲೇ ಜೋಡಿಸಿ ಮೇಲಿಟ್ಟಿರುತ್ತೇವೆ. ಎಷ್ಟು ಕಲೆಸಿದಂತೆ ಕಂಡರೂ ಆ ಹತ್ತು ಅಲುಗುವುದಿಲ್ಲ. ಕೈಗೆ ಹತ್ತಲು ನಾಲ್ಕು ತಿಂಗಳು ಹಿಡಿಯಿತು.

ನಾನು ಜೋಡಿಸಿದ್ದು ಯಾರ ನಂಬರು ಗೊತ್ತೇ? ನೀನು ಕಾಗದದಲ್ಲಿ ಬರೆದು ಕಳಿಸಿದ್ದ ನಿನ್ನ ನಂಬರು. ಅದರಲ್ಲಿ ನಾಲ್ಕು ಎಂಟು ಇವೆ ಪುಣ್ಯಾತಗಿತ್ತಿ! ಕಟ್ಟಿನಲ್ಲಿರುವುದೇ ನಾಲ್ಕು ಎಂಟು. ಐದಾಗಿದ್ದಿದ್ದರೆ ನನ್ನ ವಿದ್ಯೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಲೆಕ್ಕಾಚಾರ ಇಷ್ಟೇ. ಕನಕಪುರದ ಗಂಡಿನವರು ತಾಂಬೂಲಕ್ಕೆ ಬಂದು ಕೂತ ದಿನ ನೀನು ಹೊಸೂರಿನ ಫ್ಯಾಕ್ಟರಿಯ ಇಂಟರ್‌ವ್ಯೂಗೆ ಬಸ್ಸು ಹತ್ತಿದೆ. ಅವತ್ತು ಸಂಜೆ ನಿಮ್ಮಪ್ಪ, "ಅವಳ ಹೆಸ್ರು ಈ ಮನೇಲಿ ಯಾರಾದ್ರೂ ಎತ್ತಿದ್ರೆ ನಾನಿರಲ್ಲ" ಎಂದ. ಎರಡು ವರ್ಷವಾಯಿತು, ಅವನೆದುರು ಯಾರೂ ಎತ್ತಿಲ್ಲ. ಗೂಡಿನ ರೇಟು ವಿಚಾರಿಸಲು ಅವನು ಫೋನು ಕೊಂಡಾಗ ನನಗೆ ಹೊಳೆಯಿತು. ಯಾರ ನಂಬರೆಂದು ತಿಳಿಯದೆ ಅವನೇ ಒತ್ತಲಿ, ಆ ಕಡೆಯಿಂದ ನೀನು ಹಲೋ ಅನ್ನಬೇಕು. ಅಪ್ಪ ಮಗಳ ನಡುವಿನ ಈ ಗಂಟು ಬಿಚ್ಚದಿದ್ದರೆ ನನ್ನ ಬೆರಳಿಗೆ ಬೆಲೆಯೇನು?

ಶುಕ್ರವಾರ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆವು. ಗೂಡು ಹರವಿ, ಹರಾಜಿಗೆ ಕಾಯುತ್ತಾ ಕೂತಾಗ ಜೇಬಿನಿಂದ ಕಟ್ಟು ತೆಗೆದೆ. ನಿಮ್ಮಪ್ಪ, "ಎಲೆ ಮುಟ್ಟಿದ್ ಕೈಲಿ ಗೂಡು ಮುಟ್ಬೇಡ ಕಣ್ಲಾ, ರೇಟು ಬಿದ್ದೋಯ್ತದೆ" ಎಂದು ಎಲ್ಲರೆದುರು ಅಂದ. ಆಗಲೇ ಸುತ್ತ ಜನ ಸೇರಿದ್ದರು. ಇದ್ರೀಸನೂ ಬಂದು ನಿಂತ. "ಅಣ್ಣಾ, ಫೋನ್ ತಗಿ, ಹೆದ್ರುಕೋಬೇಡ" ಎಂದು ಕೆಣಕಿದೆ. ಹೆದರಿಕೆ ಎಂದ ಮೇಲೆ ಅವನು ತೆಗೆಯದೆ ಇರುತ್ತಾನೆಯೇ? ಅವನ ಕೈಯಲ್ಲೇ ಕಟ್ ಮಾಡಿಸಿ, ಯಾರಿಗೂ ಕಾಣದಂತೆ ಆ ಹತ್ತನ್ನು ಮತ್ತೆ ಮೇಲೆ ತಂದೆ. ಒಂದೊಂದೇ ಎಲೆ ಹಾಕಿದೆ. ಒಬ್ಬೊಬ್ಬರೂ ಅಂಕಿ ಕೂಗಿದರು, ನಿಮ್ಮಪ್ಪ ಹೆಬ್ಬೆಟ್ಟಿನಲ್ಲಿ ಒತ್ತುತ್ತಾ ಹೋದ. ಮೂರನೇ ಎಂಟು ಬಿದ್ದ ಮೇಲೆ ಅವನ ಹೆಬ್ಬೆಟ್ಟು ನಿಧಾನವಾಯಿತು. ನಾನು ಅದನ್ನು ಗಮನಿಸಬೇಕಿತ್ತು, ಗಮನಿಸಲಿಲ್ಲ, ನನ್ನ ಕೈಚಳಕದ ಸೊಕ್ಕಿನಲ್ಲಿದ್ದೆ. ಹತ್ತನೇ ಎಲೆ ಹಾಕಿ, "ಈಗ ಹಸಿರು ಗುಂಡಿ ಒತ್ತು" ಎಂದೆ. ಹೆಗಲ ಟವೆಲ್ಲಿನ ತುದಿಯಲ್ಲಿ ಪರದೆ ಒರೆಸಿದ. ಆಮೇಲೆ ಒತ್ತಿದ.

ಆಗ ಪರದೆಯ ಮೇಲೆ ಅಂಕಿ ಹೋಗಿ ಅಕ್ಷರ ಮೂಡಿತು. ನನ್ನ ಇಂಗ್ಲಿಷು ನಿನಗೆ ಗೊತ್ತೇ ಇದೆ. ಎಮ್ಮು, ಎ, ಜಿ ಎಂದು ನಾನು ಕೂಡಿಸಿಕೊಳ್ಳುತ್ತಿರುವಾಗಲೇ ಪಕ್ಕದಲ್ಲಿದ್ದ ಬೈರಮಂಗಲದವನೊಬ್ಬ ಬಗ್ಗಿ ನೋಡಿ ಗಟ್ಟಿಯಾಗಿ ಓದಿದ: "ಮಗಳು!"

ಲತಾ, ಎಲೆಗೆ ಅಂಕಿ ಗೊತ್ತು, ಹೆಸರು ಗೊತ್ತಿಲ್ಲ. ನಾನು ಜೋಡಿಸಿದ್ದು ಹತ್ತು ಅಂಕಿ ಮಾತ್ರ. ಆ ಹೆಸರು ಫೋನಿನೊಳಗೆ ನನಗಿಂತ ಮುಂಚೆಯೇ ಬಂದು ಕೂತಿತ್ತು! ಮೂವತ್ತು ವರ್ಷದಿಂದ ಕಂಡವರ ಕಣ್ಣಿಗೆಲ್ಲ ಮಣ್ಣೆರಚಿದವನು ನಾನು. ನನ್ನ ಅಣ್ಣ ಎಲೆ ಕಲೆಸದೆ, ಬಾಯಿ ತೆರೆಯದೆ, ಒಂದೇ ಮನೆಯಲ್ಲಿದ್ದುಕೊಂಡು ನನ್ನ ಕಣ್ಣಿಗೇ ಎರಚಿದ್ದ. ಎರಡು ಸಲ ರಿಂಗಾಯಿತು. ಅವನು ಕೆಂಪು ಗುಂಡಿ ಒತ್ತಿದ. ತಲೆ ಎತ್ತಲಿಲ್ಲ, ಕಿವಿಯವರೆಗೆ ಕೆಂಪಾಗಿದ್ದ. ಜನರೆಲ್ಲ, "ಏನ್ಲಾ ಸ್ವಾಮಿ, ಹೆಸ್ರು ಹೆಂಗ್ಲಾ ಬರುಸ್ದೆ?" ಎಂದು ಮುಗಿಬಿದ್ದರು. ನಿಜ ಹೇಳಿದರೆ ಅಣ್ಣನ ಮಾನ ಅಷ್ಟು ಜನರ ನಡುವೆ ಬಯಲಾಗುತ್ತಿತ್ತು. ಎದ್ದು ನಿಂತು ಎದೆ ತಟ್ಟಿಕೊಂಡೆ: "ಅಂಕಿ ಯಾವನಾದ್ರೂ ಬರುಸ್ತಾನೆ ಕಣ್ರಲಾ! ಹೆಸ್ರು ಬರ್ಸೋನು ಇಡೀ ತಾಲ್ಲೂಕಿಗೆ ಈ ಸ್ವಾಮಿ ಒಬ್ನೇಯ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾಡದ ಕೆಲಸಕ್ಕೆ ಸಿಕ್ಕ ಚಪ್ಪಾಳೆ ಅದೊಂದೇ. ಅಣ್ಣ ಮೆಲ್ಲಗೆ ನನ್ನ ಕಡೆ ನೋಡಿದ. ಹುಟ್ಟಿದಾಗಿನಿಂದ ಅವನು ನನ್ನನ್ನು ಹಾಗೆ ನೋಡಿರಲಿಲ್ಲ.

ಹರಾಜು ಮುಗಿದ ಮೇಲೆ ಇದ್ರೀಸ್ ನನ್ನನ್ನು ಟೀ ಅಂಗಡಿಯ ಪಕ್ಕಕ್ಕೆ ಕರೆದ. "ಸ್ವಾಮಿ ಭಾಯ್, ಫೋನಲ್ಲಿ ಆ ಹೆಸ್ರು ನನ್ ಮಗಳು ಸುಹಾನಾ ಹಾಕ್ಕೊಟ್ಟಿದ್ದು. ಯುಗಾದಿ ಮುಂಚೆ ನಿಮ್ಮಣ್ಣ ಬೀಡಿ ಕಟ್ಟಿನ ಕಾಗದದ ಮೇಲೆ ನಂಬರ್ ಬರ್ಕೊಂಡು ಮನೇಗೆ ಬಂದಿದ್ರು. ಹೆಸ್ರು ಏನು ಹಾಕ್ಲಿ ಅಂತ ಕೇಳಿದ್ಲು. ನಿಮ್ಮಣ್ಣ, 'ಮಗಳು ಅಂತ್ಲೇ ಹಾಕವ್ವ' ಅಂದ್ರು" ಎಂದ. ನಂಬರು ಎಲ್ಲಿಂದ ಬಂತು? ನನ್ನ ಟ್ರಂಕಿನಲ್ಲಿದ್ದ ನಿನ್ನ ಕಾಗದದಿಂದಲೇ. ನಾನಿಲ್ಲದಾಗ ತೆಗೆದು, ಓದಿ, ಮಡಿಕೆ ಕೆಡದಂತೆ ಇಟ್ಟಿದ್ದಾನೆ. ನನಗೆ ಇವತ್ತಿಗೂ ಬೆರಗು ಬಿಟ್ಟಿಲ್ಲ. ಇಸ್ಪೀಟು ಕಟ್ಟು ಮುಟ್ಟಲೂ ಮನಸ್ಸಾಗುತ್ತಿಲ್ಲ. ಇದನ್ನು ಬೇರೆ ಯಾರ ಹತ್ತಿರವೂ ಹೇಳಬೇಡ, ನನ್ನ ಹೆಸರು ಕೆಡುತ್ತದೆ.

ಅತ್ತಿಗೆ ನಿನ್ನನ್ನು ತುಂಬ ಕೇಳಿದಳೆಂದು ತಿಳಿ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿ ಬಾಳು ಎಂದು ಹರಸುವ,

ನಿನ್ನ ಚಿಕ್ಕಪ್ಪ,
ಸ್ವಾಮಿ

ಕಾಗದ ಮಡಿಚಿದ ಮೇಲೆ ನೆನಪಾಯಿತು: ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ನಿನಗೆ ಒಂದು ಮಿಸ್ಡ್ ಕಾಲ್ ಬಂದಿರಬೇಕು. ಯಾರದೋ ಎಂದು ಅಳಿಸಬೇಡ, ಅದು ನಿಮ್ಮಪ್ಪನದು. ಅವತ್ತಿನಿಂದ ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಮೇಲಿಟ್ಟು, ಹುಳದ ಮನೆ ತೊಳೆಯುತ್ತಾ ಗಳಿಗೆಗೊಮ್ಮೆ ಬಂದು ನೋಡಿ ಹೋಗುತ್ತಾನೆ. ತಾನಾಗಿ ಮಾಡುವ ಆಸಾಮಿಯಲ್ಲ. ನೀನೇ ಮಾಡು. ಎತ್ತಿದ ತಕ್ಷಣ "ಯಾರು?" ಎಂದು ಗದರುತ್ತಾನೆ, ಹೆದರಿ ಇಟ್ಟುಬಿಡಬೇಡ. ಯಾರೆಂದು ನೋಡಿಕೊಂಡೇ ಎತ್ತಿರುತ್ತಾನೆ.