ಎಲ್ಲ ಕಾರ್ಡಿನಲ್ಲೂ ಎರಡು

ಮಕ್ಕಳ ವಾರ್ಡು, ಬಟ್ಟೆ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಪ್ರೀತಿಯ ಅಂತ ಬರೆಯಲು ಇವತ್ತು ಮನಸ್ಸಿರಲಿಲ್ಲ, ಆದರೂ ಬರೆದಿದ್ದೇನೆ. ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯಬೇಡ ಅಂತ ಸಾವಿರ ಸಲ ಹೇಳಿದ್ದೇನೆ. ಮಗುವಿಗೆ ಹಲ್ಲು ಬಂದ ಫೋಟೋ ನೋಡಿದೆ, ನಕ್ಕರೆ ನಿನ್ನದೇ ಮುಖ. ವಾರ್ಡಿನ ಅಷ್ಟೂ ಮಕ್ಕಳಿಗೆ ಹೊತ್ತು ತಪ್ಪದೆ ಔಷಧಿ ಕುಡಿಸಿದವಳು ತನ್ನ ಮಾತ್ರೆ ಮಾತ್ರ ಮರೆಯುತ್ತಾಳೆ ಅಂತ ಅಕ್ಕ ದೂರುತ್ತಿದ್ದಳು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ವಾರ್ಡಿನ ಮಾತೆತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ, ಇಲ್ಲವೇ ಮಗು ಎದ್ದುಬಿಡುತ್ತದೆ. ಕಾಗದಕ್ಕೆ ಸಿಗ್ನಲ್ ಬೇಡ. ಕೂತು ಪೂರ್ತಿ ಓದು.

ನೀನು ರಿಟೈರ್ ಆದ ಮೇಲೆ ಅರಿವಳಿಕೆ ಕೊಡಲು ಹೊಸ ಡಾಕ್ಟರಮ್ಮ ಬಂದಿದ್ದಾರೆ ಅಂದಿದ್ದೆನಲ್ಲ, ಆಯಾ ಅವರಿಗೆ ಸೂಜಿಯಮ್ಮ ಅಂತ ಹೆಸರಿಟ್ಟಿದ್ದಾಳೆ. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳ ನೋವಿಗೆ ಅವರೊಂದು ದಾರಿ ತಂದರು. ಮಗು ಇನ್ನೂ ಮತ್ತಿನಲ್ಲಿರುವಾಗಲೇ, ಸ್ಕ್ಯಾನಿನ ಪರದೆ ನೋಡಿಕೊಂಡು, ಕೆನ್ನೆಮೂಳೆಯ ಮೇಲಿನಿಂದ ಸಣ್ಣ ಸೂಜಿ ಇಳಿಸಿ, ಗಂಟಲ ನೋವನ್ನು ಹೊತ್ತೊಯ್ಯುವ ನರದ ಪಕ್ಕ ಮರಗಟ್ಟಿಸುವ ಔಷಧಿ ಬಿಡುವುದು. ನರದ ಬ್ಲಾಕ್ ಅನ್ನುತ್ತಾರೆ. ಎರಡೂ ಕಡೆ ಸೇರಿ ಹತ್ತು ನಿಮಿಷದ ಕೆಲಸ. ಅವರೇನೂ ಬಡಾಯಿ ಕೊಚ್ಚಿಕೊಳ್ಳಲಿಲ್ಲ. "ಎಲ್ಲಾ ನೋವೂ ಹೋಗಲ್ಲ ಸಿಸ್ಟರ್, ಎಲ್ಲಾ ಮಕ್ಕಳಿಗೂ ಒಂದೇ ಥರ ಹಿಡಿಯೋದೂ ಇಲ್ಲ. ಸಿರಪ್ ಕೊಡಲೇಬೇಕು. ಆದ್ರೆ ಮೊದಲ ಕೆಟ್ಟ ಗಂಟೆಗಳನ್ನ ದಾಟಿಸಬಹುದು" ಅಂದರು. ನಿನ್ನ ಕಾಲದ ಅದೇ ಸರ್ಜನ್, ನಮ್ಮ ದೊಡ್ಡ ಡಾಕ್ಟರು, ಗೊಣಗಿಕೊಂಡೇ ಆರು ಮಕ್ಕಳಿಗೆ ಒಪ್ಪಿಗೆ ಕೊಟ್ಟರು.

ಆ ಆರರಲ್ಲಿ ಒಬ್ಬಳು ಅತ್ತಳು, ಸುಳ್ಳು ಹೇಳುವುದಿಲ್ಲ. ಇನ್ನೊಬ್ಬ ಮುಖ ಸಿಂಡರಿಸಿ ಸುಮ್ಮನಾದ. ಉಳಿದ ನಾಲ್ಕು ಮಕ್ಕಳು ಎದ್ದು ಕೂತು ನೀರು ಕೇಳಿದವು. ಒಬ್ಬಳಂತೂ ಕಣ್ಣು ಬಿಟ್ಟವಳೇ ತನ್ನ ಚಪ್ಪಲಿ ಯಾರು ಕದ್ದರು ಅಂತ ನನ್ನ ಮೇಲೇ ಅನುಮಾನ ಪಟ್ಟಳು! ಹತ್ತು ವರ್ಷದಿಂದ ಈ ವಾರ್ಡಿನಲ್ಲಿದ್ದೇನೆ, ಟಾನ್ಸಿಲ್ ಆದ ಮಗು ಅದೇ ಮಧ್ಯಾಹ್ನ ಜಗಳಕ್ಕೆ ನಿಂತದ್ದನ್ನು ನಾನು ಕಂಡಿರಲಿಲ್ಲ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಏಳನೆಯ ಮಗುವಿಗೆ ದೊಡ್ಡ ಡಾಕ್ಟರು ಬೇಡ ಅಂದುಬಿಟ್ಟರು. ಆ ಹತ್ತು ನಿಮಿಷದಲ್ಲಿ ಇನ್ನೊಂದು ಕೇಸು ಶುರು ಮಾಡಬಹುದಂತೆ. ಆ ಏಳನೆಯವಳು ಐದು ವರ್ಷದ ಪುಟ್ಟಿ. ಆಪರೇಷನ್ನಿಗೆ ಹೋಗುವವರೆಗೂ ಒಂದೇ ಸಮನೆ ಮಾತಾಡುತ್ತಿದ್ದಳು ಅಂತ ನಾವು ವಟವಟ ಅಂತಲೇ ಕರೆಯುತ್ತಿದ್ದೆವು. ಎಚ್ಚರವಾದ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಉಗುಳು ನುಂಗಲಾರದೆ ದಿಂಬಿನ ಮೇಲೆ ಸುರಿಸುತ್ತಾ, ಗಂಟಲ ನೋವು ಕಿವಿಗೂ ಏರಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಮನೆಗೆ ಹೋದ ಮೇಲೂ ನೀರು ಮುಟ್ಟಲಿಲ್ಲ. ಮೂರನೇ ದಿನ ಅವಳಪ್ಪ ಹೊತ್ತುಕೊಂಡು ಬಂದ, ತುಟಿ ಒಡೆದು ಕಣ್ಣು ಗುಳಿ ಬಿದ್ದಿತ್ತು. ಈಗ ಡ್ರಿಪ್ ಹಾಕಿದ್ದೇವೆ. ನಾನು ಹತ್ತಿರ ಹೋದರೆ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ.

ಸೂಜಿಯಮ್ಮ ಮೊನ್ನೆ ರೌಂಡ್ಸಿನಲ್ಲಿ ಎಲ್ಲರ ಎದುರಿಗೇ ಇದನ್ನು ಕೇಳಿದರು. ದೊಡ್ಡ ಡಾಕ್ಟರು ತಯಾರಾಗಿಯೇ ಬಂದಿದ್ದರು. ಹತ್ತು ವರ್ಷದ ಟಾನ್ಸಿಲ್ ಕಾರ್ಡುಗಳ ಕಟ್ಟನ್ನು ತರಿಸಿ ಮೇಜಿನ ಮೇಲೆ ಹರಡಿದರು. ಪ್ರತಿ ಗಂಟೆಗೂ ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಬರೆಯುವ ಸಾಲಿದೆಯಲ್ಲ, ಎಲ್ಲದರಲ್ಲೂ ಎರಡು. ಎರಡು, ಎರಡು, ಎರಡು. "ದೊಡ್ಡ ಸಿಸ್ಟರ್ ಬರೆದಿದ್ದು ಇದು. ಅವರಿಗಿಂತ ಮಕ್ಕಳನ್ನ ಬಲ್ಲವರು ಯಾರಿದ್ದಾರೆ? ಇಲ್ಲದ ನೋವಿಗೆ ಸೂಜಿ ಯಾಕ್ರೀ?" ಅಂದರು. ನಿನ್ನ ಫೋಟೋ ನೇತುಹಾಕಿದ ಗೋಡೆಯ ಕಡೆ ಕೈಯನ್ನೂ ತೋರಿಸಿದರು.

ಅಮ್ಮಾ, ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆ ಎರಡು ಹೇಗೆ ಹುಟ್ಟುತ್ತದೆ ಅಂತ ಅಲ್ಲಿ ನನಗೆ ಮಾತ್ರ ಗೊತ್ತಿತ್ತು. ಡ್ಯೂಟಿಗೆ ಬಂದ ತಕ್ಷಣ, ಮಕ್ಕಳು ಇನ್ನೂ ಥಿಯೇಟರಿನಿಂದ ಬರುವ ಮೊದಲೇ, ಇಡೀ ಸಾಲು ತುಂಬಿಸಿಬಿಡು ಅಂತ ನನಗೆ ಕಲಿಸಿದವಳು ನೀನು. ನಾಲ್ಕು ದಾಟಿದರೆ ಡಾಕ್ಟರನ್ನು ಕರೆಯಬೇಕು, ಕರೆದರೆ ಬೈಸಿಕೊಳ್ಳಬೇಕು. ಸೊನ್ನೆ ಬರೆದರೆ ಯಾರೂ ನಂಬುವುದಿಲ್ಲ. ಎರಡು ಬರೆದರೆ ಯಾರ ತಂಟೆಯೂ ಇಲ್ಲ. "ಅಳ್ತಾ ಇದ್ರೆ ಉಸಿರಾಡ್ತಾ ಇದೆ ಅಂತ, ಅಷ್ಟು ಸಾಕು ನಮಗೆ" ಅನ್ನುತ್ತಿದ್ದೆ. ಇಪ್ಪತ್ತು ಹಾಸಿಗೆಗೆ ಇಬ್ಬರೇ ನರ್ಸುಗಳಿದ್ದ ಕಾಲ, ನಿನಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ, ಗೊತ್ತು. ನಿನ್ನ ಕಾಲು ಊದಿಕೊಂಡು ಬರುತ್ತಿದ್ದುದನ್ನು ನಾನೇ ನೋಡಿದ್ದೇನೆ, ನಾನೇ ಒತ್ತಿದ್ದೇನೆ. ಆದರೂ ನಿನ್ನ ಮೇಲೆ ಸಿಟ್ಟು ಬರುತ್ತಿದೆ. ಮಕ್ಕಳು ಇಷ್ಟು ವರ್ಷ ಕಿರುಚಿದ್ದನ್ನು ನಾವು ಒಂದು ಅಂಕಿಯಲ್ಲಿ ಹೂತುಹಾಕಿದೆವು, ಈಗ ಅದೇ ಅಂಕಿಯನ್ನು ಮಕ್ಕಳ ವಿರುದ್ಧವೇ ಸಾಕ್ಷಿಗೆ ನಿಲ್ಲಿಸಿದ್ದಾರೆ.

ನಾವು ಅಂದೆ. ಕೊನೆಯ ಎರಡು ವರ್ಷದ ಕಾರ್ಡುಗಳಲ್ಲಿ ಇರುವುದು ನನ್ನ ಸಹಿ. ವಟವಟ ಗೋಡೆ ಕಡೆ ತಿರುಗಿ ಮಲಗಿದ್ದ ದಿನದ ಕಾರ್ಡೂ ನಾನು ಬೆಳಿಗ್ಗೆಯೇ ತುಂಬಿಸಿಟ್ಟದ್ದು. ಸೂಜಿಯಮ್ಮ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಥೂ, ನನ್ನ ಬಾಯಿಗೆ ಏನಾಗಿತ್ತೋ! ಆ ಸಿಟ್ಟು ಇನ್ನೂ ಇಳಿದಿಲ್ಲ. ಗುರುವಾರ ಕಮಿಟಿ ಕೂತು ಬ್ಲಾಕ್ ಇರಬೇಕೋ ಬೇಡವೋ ತೀರ್ಮಾನ ಮಾಡುತ್ತದೆ. ನನ್ನ ಎರಡುಗಳೆಲ್ಲ ಸುಳ್ಳು ಅಂತ ನಾನು ಅಲ್ಲಿ ಹೇಳುವವಳಿದ್ದೇನೆ. ಕೆಲಸ ಹೋದರೆ ಹೋಗಲಿ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು, ಮಗುವಿನ ಕೆನ್ನೆ ಹಿಂಡಬೇಡ. ಮಂಡಿಗೆ ಬಿಸಿ ಶಾಖ ಕೊಡು. ಸಿಟ್ಟಿದ್ದರೂ ನಿನ್ನ ಕಾಲಿಗೆ ಬೀಳುತ್ತೇನೆ.

ಇಂತಿ ನಿನ್ನ ಮಗಳು,
ಸಣ್ಣ ಸಿಸ್ಟರ್

ತಾ.ಕ.: ಅಕ್ಕನ ಊರಿನ ಕಡೆ ಹೊರಟ ಆಂಬುಲೆನ್ಸ್ ಡ್ರೈವರ್ ಕೈಯಲ್ಲಿ ಕಾಗದ ಕೊಡುತ್ತಿದ್ದೇನೆ, ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ರೆಕಾರ್ಡ್ ರೂಮಿಗೆ ಹೋಗಿದ್ದೆ. ಹಳೆಯ ಕಾರ್ಡುಗಳನ್ನು ಎಸೆಯಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ನನ್ನದೂ ಸಿಕ್ಕಿತು. ಆರು ವರ್ಷದವಳಾಗಿದ್ದಾಗ ನನ್ನ ಟಾನ್ಸಿಲ್ ತೆಗೆದ ದಿನದ್ದು. ನೀರು ಕುಡಿಸಲು ಬಂದ ನಿನ್ನ ಕೈ ಕಚ್ಚಿದ್ದೆನಲ್ಲ, ಗುರುತು ನಿನ್ನ ಹೆಬ್ಬೆರಳ ಬುಡದಲ್ಲಿ ಇನ್ನೂ ಇದೆ. ಆ ಕಾರ್ಡಿನಲ್ಲೂ ಸಾಲಾಗಿ ಎರಡೇ. ಆದರೆ ಮೂರು ಗಂಟೆಯ ಎದುರಿಗೆ ನೀನು ಮೊದಲು ಒಂಬತ್ತು ಅಂತ ಬರೆದಿದ್ದೀಯ. ಆಮೇಲೆ ಅದನ್ನು ಗೀಚಿಹಾಕಿ ಪಕ್ಕದಲ್ಲಿ ಎರಡು ಮಾಡಿದ್ದೀಯ. ನಿನಗೆ ಗೊತ್ತಿತ್ತು ಅಮ್ಮಾ. ಬುಧವಾರದ ಬಸ್ಸಿಗೆ ಬಾ. ಗುರುವಾರ ಹತ್ತು ಗಂಟೆಗೆ ಅವರೆಲ್ಲರ ಎದುರು ಆ ಒಂಬತ್ತನ್ನು ನೀನೇ ಓದು. ನೀನು ಬರದಿದ್ದರೆ ನಾನೇ ಓದುತ್ತೇನೆ, ಕೆಳಗಿರುವ ನಿನ್ನ ಸಹಿಯನ್ನೂ ಸೇರಿಸಿ.