ಮೂರು ಹೆಸರು, ಒಬ್ಬಳೇ ಅಕ್ಕ

ಮಾರ್ಚ್ ೩, ಬೆಳಿಗ್ಗೆ ೫.೪೦

ಹೆಣ ಇನ್ನೂ ಲಿಫ್ಟಿನಲ್ಲೇ ಇದೆ. ಮೂರು ದಿನವಾಯಿತು, ಇನ್‌ಸ್ಪೆಕ್ಟರ್ ಬರಲೊಲ್ಲ. ಒಂಬತ್ತನೇ ಅಧ್ಯಾಯ ಹೀಗೇ ಸತಾಯಿಸಿದರೆ ದೆವ್ವದ ಕಥೆಗಳ ಕಡೆ ಹೋಗುತ್ತೇನೆ. ದೆವ್ವಗಳು ಕರೆದ ಕೂಡಲೇ ಬರುತ್ತವೆ, ಪಾಪ.

ಇಸ್ತ್ರಿ ಮೇಜೇ ನನ್ನ ಬರೆಯುವ ಮೇಜು. ಪತ್ತೇದಾರಿಗೆ ಒಂದು ಹೆಸರು, ಪ್ರೇಮಕ್ಕೆ ಒಂದು, ದೆವ್ವಕ್ಕೆ ಒಂದು ಗಂಡಸಿನ ಹೆಸರು. ಹನ್ನೊಂದು ಪುಸ್ತಕ, ಎಲ್ಲ ನಾನೇ ಅಚ್ಚು ಹಾಕಿಸಿದ್ದು. ಎಂಟೂವರೆಗೆ ಮೂವರನ್ನೂ ಬೀರುವಿಗೆ ತುರುಕಬೇಕು. ಒಂಬತ್ತಕ್ಕೆ ಕಣ್ಣಾಸ್ಪತ್ರೆಯ ನೋಂದಣಿ ಕೌಂಟರ್.

ಗುಟ್ಟು ಗೊತ್ತಿರುವುದು ಇಬ್ಬರಿಗೆ — ಪ್ರೆಸ್ಸಿನ ಯಜಮಾನರಿಗೆ, ಅಕ್ಕನಿಗೆ. ಹನ್ನೊಂದೂ ಕರಡು ತಿದ್ದಿದವಳು ಅವಳೇ.

ಮಾರ್ಚ್ ೧೦

ಪ್ರೇಮದವಳ ಹೊಸ ಕಾದಂಬರಿ ಬಂತು. ಇನ್ನೂ ಅಂಟಿನ ವಾಸನೆ. ಪ್ರೆಸ್ಸಿನವರು, “ಮೇಡಂ, ನಿಮ್ಮ ಮೂವರಲ್ಲಿ ಇದು ಯಾರದ್ದು?” ಎಂದು ಕೇಳಿ ತಾವೇ ನಕ್ಕರು.

ಗೊತ್ತಾದ ಮದುವೆ ಮುರಿದುಬಿದ್ದ ಹುಡುಗಿಯ ಕಥೆ. ಮೊದಲ ಪ್ರತಿ ಅಕ್ಕನಿಗೆ ಕೊಟ್ಟೆ. ಈ ಸಲದ ಕರಡಿನಲ್ಲಿ ಕಾಗುಣಿತ, ಚಿಹ್ನೆ ಬಿಟ್ಟು ಬೇರೇನೂ ತಿದ್ದಿರಲಿಲ್ಲ. ಅಂದರೆ ಹಿಡಿಸಿದೆ. ಕೇಳಿದ್ದಕ್ಕೆ, “ಹೂಂ, ಚೆನ್ನಾಗಿ ಓಡುತ್ತೆ ಬಿಡು” ಅಂದಳು.

ಮಾರ್ಚ್ ೨೪

‘ಕನ್ನಡಕ’ ಎಂಬ ಹೆಸರಿಟ್ಟುಕೊಂಡ ಯಾರೋ ಆನ್‌ಲೈನ್ ಓದುಗರ ಗುಂಪಿನಲ್ಲಿ ನನ್ನ ಪತ್ತೇದಾರಿಯನ್ನು ಹಿಗ್ಗಾಮುಗ್ಗಾ ಝಾಡಿಸಿದ್ದಾರೆ. ಕೊಲೆಗಾರ ಯಾರೆಂದು ಓದುಗರಿಗೆ ಮೂರನೇ ಪುಟದಲ್ಲೇ ಗೊತ್ತಾಗುತ್ತದಂತೆ, ಲೇಖಕಿಗೆ ಇನ್ನೂರನೇ ಪುಟದಲ್ಲಂತೆ. ನಗು ಬಂತು. ಆಮೇಲೆ ಹೊಟ್ಟೆ ಉರಿಯಿತು. ಕಳೆದ ವಾರ ದೆವ್ವದ ಪುಸ್ತಕಕ್ಕೂ ಇದೇ ಮಂಗಳಾರತಿ.

ಅಕ್ಕನಿಗೆ ಫೋನ್ ಮಾಡಿದೆ. “ಬಿಡೇ, ಯಾರಿಗೋ ಮಾಡೋಕೆ ಕೆಲಸ ಇಲ್ಲ.” ಅರ್ಧ ಗಂಟೆ ಸಮಾಧಾನ ಮಾಡಿದಳು. ಅವಳಿಲ್ಲದಿದ್ದರೆ ಯಾವತ್ತೋ ಪೆನ್ನು ಮುಚ್ಚಿಡುತ್ತಿದ್ದೆ.

ಏಪ್ರಿಲ್ ೨, ಊಟದ ವಿರಾಮ

ಎಲ್ಲ ಬಯಲಾಯಿತು. ‘ಕನ್ನಡಕ’ ಗುಂಪಿನಲ್ಲಿ ಬರೆದಿದೆ — ಈ ಮೂವರೂ ಒಬ್ಬಳೇ. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ. ಒಂದು ಹೆಸರಿನಲ್ಲಿ ಬರೆದು ಇನ್ನೊಂದು ಹೆಸರಿನಲ್ಲಿ ಹೊಗಳಿಕೊಳ್ಳುತ್ತಾಳೆ.

ಕೊನೆಯದೂ ನಿಜ. ಒಂದೇ ಒಂದು ಸಲ. ದೆವ್ವದವನ ಬಾಯಲ್ಲಿ ಪ್ರೇಮದವಳನ್ನು ಹೊಗಳಿಸಿದ್ದೆ.

ದೆವ್ವದ ಕಥೆಗಾರನಿಗೆ ನಾಲ್ಕು ವರ್ಷದಿಂದ ಮೇಲ್ ಬರೆಯುವ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರಿದ್ದಾರೆ. ಈಗಷ್ಟೇ ಅವರಿಂದ ಎರಡೇ ಸಾಲು ಬಂತು. “ನಿಮ್ಮನ್ನು ತಮ್ಮನೆಂದು ತಿಳಿದು ನನ್ನ ಹೆಂಡತಿ ತೀರಿಕೊಂಡ ದಿನದ ವಿಷಯ ಬರೆದಿದ್ದೆ. ಅದನ್ನೆಲ್ಲ ಓದಿದ್ದು ಯಾರು?”

ಫೋನ್ ಕವುಚಿಟ್ಟೆ. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿದೆ...

ಏಪ್ರಿಲ್ ೩

ಪ್ರೆಸ್ಸಿಗೆ ಹೋಗಿ, ಗುಟ್ಟು ಬಿಟ್ಟುಕೊಟ್ಟಿದ್ದು ನೀವೇ ಎಂದು ಯಜಮಾನರನ್ನು ಕೆಲಸದವರೆಲ್ಲರ ಎದುರು ಬಾಯಿಗೆ ಬಂದಂತೆ ಬೈದೆ. ಅವರು ಕಾಗದ ಕತ್ತರಿಸುವ ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡರು. “ಮೇಡಂ, ನಿಮ್ಮ ಪುಸ್ತಕ ಒಂದು ಪುಟಾನೂ ನಾನು ಓದಿಲ್ಲ. ನನಗ್ಯಾಕೆ ಈ ಉಸಾಬರಿ?”

ನಂಬಲಿಲ್ಲ. ಅಕ್ಕನೂ ಫೋನಿನಲ್ಲಿ ಹೇಳಿದಳು — “ಅವರೇ ಇರಬೇಕು.”

ಏಪ್ರಿಲ್ ೧೧

ಇವತ್ತು ಪ್ರೇಮದವಳ ಸರದಿ. ‘ಕನ್ನಡಕ’ ಈ ಸಲ ತಮಾಷೆ ಮಾಡಿಲ್ಲ.

“ಹುಡುಗ ಬರುವುದಿಲ್ಲವೆಂದು ತಿಳಿದಾಗ ನಾಯಕಿ ಏಳು ಪುಟ ಅಳುತ್ತಾಳೆ. ಸುಳ್ಳು. ಅವಳು ಅಳುವುದಿಲ್ಲ. ಎದ್ದು ಒಲೆ ಒರೆಸುತ್ತಾಳೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾಳೆ.”

ಹುಡುಗ ಬರುವುದಿಲ್ಲವೆಂದು ತಿಳಿದ ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ಇಬ್ಬರೇ. ಅಕ್ಕನಿಗೆ ಇಪ್ಪತ್ತಮೂರು. ಬಾಗಿಲ ಸಂದಿಯಲ್ಲಿ ನಾನು, ಹದಿನಾರು.



ಏಪ್ರಿಲ್ ೧೯, ಭಾನುವಾರ

ಎಂಟು ದಿನ ಒಂದಕ್ಷರ ಬರೆಯಲಿಲ್ಲ. ಇವತ್ತು ಹೋದೆ. ಭಾವ ಹೊರಗೆ ಹೋಗಿದ್ದರು. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು.

“ಆ ಕನ್ನಡಕ ನೀನೇನಾ?”

“ಹೂಂ.” ದಿಂಬಿನ ಕವರಿನ ಮೂಲೆ ಸರಿಮಾಡಿದಳು.

“ಯಾಕಕ್ಕಾ? ಫೋನಲ್ಲಿ ಸಮಾಧಾನ ಬೇರೆ ಮಾಡಿದೆಯಲ್ಲ!”

“ಅದನ್ನೂ ಮನಸ್ಸಿಟ್ಟೇ ಮಾಡಿದ್ದು.”

ನಿಂತೇ ಇದ್ದೆ. ಕೂರು ಎಂದು ಅವಳೂ ಅನ್ನಲಿಲ್ಲ.

“ಆ ಪುಸ್ತಕ ನಿಮ್ಮ ಭಾವ ಓದಿದ್ರು. ಬರೆದವಳು ನೀನು ಅಂತ ಗೊತ್ತಿಲ್ಲ. ನನಗೆ ಮುಂಚೆ ಒಂದು ಮದುವೆ ಗೊತ್ತಾಗಿ ಮುರಿದಿತ್ತು ಅನ್ನೋದೂ ಗೊತ್ತಿಲ್ಲ. ‘ಎಂಥಾ ಅಳುಬುರುಕಿ ಕಣೇ ಇವಳು’ ಅಂತ ನಕ್ಕರು. ನಾನೂ ನಗಬೇಕಾಯ್ತು.”

“ಬರೀಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ. ಹನ್ನೆರಡನೇ ಅಧ್ಯಾಯದ ಪಕ್ಕದಲ್ಲಿ ದೊಡ್ಡದಾಗಿ ಪ್ರಶ್ನಾರ್ಥಕ ಹಾಕಿದ್ದೆ. ಏನಿದು ಅಂತ ಕೇಳ್ತೀಯ ಅಂತ ಕಾದೆ.”

ನೆನಪಾಯಿತು. ಚಿಹ್ನೆ ಬಿಟ್ಟುಹೋಗಿದೆ ಎಂದುಕೊಂಡು ಅದರ ಪಕ್ಕದ ವಾಕ್ಯದ ಕೊನೆಗೆ ಒಂದು ಪ್ರಶ್ನಾರ್ಥಕ ಸೇರಿಸಿದ್ದೆ.

“ನನ್ನ ಗುಟ್ಟನ್ನ ನೀನು ಮಾರಿದೆ,” ಅಂದಳು. “ನಿನ್ನದನ್ನ ನಾನು ಬಿಟ್ಟಿ ಕೊಟ್ಟೆ. ಅಷ್ಟೇ.”

ಅತ್ತದ್ದು ನಾನು. ಅವಳು ಮಡಿಸಿದ ಬಟ್ಟೆಯನ್ನು ಕೊಡವಿ ಮತ್ತೆ ಮಡಿಸಿದಳು.

ಏಪ್ರಿಲ್ ೨೧

ಪ್ರೆಸ್ಸಿನವರ ಕ್ಷಮೆ ಕೇಳಿದೆ, ಕೆಲಸದವರೆಲ್ಲರ ಎದುರೇ. ಪ್ರೇಮದವಳ ಕಾದಂಬರಿಯ ಉಳಿದ ಪ್ರತಿಗಳನ್ನು ಕತ್ತರಿಸಿಬಿಡಿ ಅಂದೆ. ಅವರು ಒಂದನ್ನು ಪಕ್ಕಕ್ಕಿಟ್ಟುಕೊಂಡರು. “ಇದನ್ನ ಓದ್ತೀನಿ ಮೇಡಂ. ಯಾವ ಸುಖಕ್ಕೆ ಬೈಸಿಕೊಂಡೆ ಅಂತ ನನಗೂ ತಿಳೀಬೇಕಲ್ಲ.”

ಹೆಡ್‌ಮಾಸ್ಟರಿಗೆ ನನ್ನ ನಿಜವಾದ ಹೆಸರಿನಲ್ಲಿ ಬರೆದೆ. ಉತ್ತರ ಬಂದಿಲ್ಲ. ಬರುವುದೂ ಇಲ್ಲ.

ಅಕ್ಕನನ್ನು ಕ್ಷಮಿಸಿದೆನೇ? ಇಲ್ಲ. ತಪ್ಪು ನನ್ನದೇ ಎಂದು ಎಷ್ಟು ಸಲ ಹೇಳಿಕೊಂಡರೂ “ಅವರೇ ಇರಬೇಕು” ಎಂದ ಆ ದನಿ ಕಿವಿಯಿಂದ ಹೋಗುತ್ತಿಲ್ಲ. ಎಷ್ಟು ಸಲೀಸಾಗಿ ಅಂದಳು! ಒಲೆ ಒರೆಸಿದ್ದು ಅವಳದು, ಒಪ್ಪಿದೆ. ಸಂದಿಯಲ್ಲಿ ನಿಂತು ನೋಡಿದ್ದು ನನ್ನದಲ್ಲವೇ?

ಮೇ ೧೦, ಸಂಜೆ ೪

ಭಾವ ಊಟಕ್ಕೆ ಕರೆದಿದ್ದರು. ತಪ್ಪಿಸಿಕೊಳ್ಳಲಾಗಲಿಲ್ಲ. ಕೂತು ಎರಡು ತುತ್ತು ತಿಂದಿಲ್ಲ, “ಏನಮ್ಮಾ, ಆಫೀಸಲ್ಲಿ ಯಾರೋ ಹೇಳಿದ್ರು. ಆ ಅಳುಬುರುಕಿ ಪುಸ್ತಕ ನಿನ್ನದಂತೆ! ಆ ಹುಡುಗಿ ಯಾರು? ನಿಜವಾಗಲೂ ಇದ್ದವಳಾ?”

ಅಕ್ಕ ಅಂಟಿಸಿದ ಬೆಂಕಿ ಅಕ್ಕನ ಊಟದ ಮೇಜಿಗೇ ಬಂದು ಮುಟ್ಟಿತ್ತು. ಅವಳ ಕೈಯ ಸೌಟು ಹಾಗೇ ನಿಂತಿತು. ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ಇಲ್ಲ ಭಾವ. ಪೂರ್ತಿ ಕಟ್ಟಿದ್ದು.”

“ಅದಕ್ಕೇ ಅಷ್ಟೊಂದು ಅಳ್ತಾಳೆ,” ಎಂದು ನಕ್ಕರು.

“ಇವಳ ಮುಂದೆ ನೋಡ್ಕೊಂಡು ಮಾತಾಡಿ,” ಅಂದಳು ಅಕ್ಕ. “ಬರೆದುಬಿಡ್ತಾಳೆ.”

ಭಾವ ಇನ್ನೂ ಜೋರಾಗಿ ನಕ್ಕರು. ಅಕ್ಕ ನನ್ನ ತಟ್ಟೆಗೆ ಕೇಳದೆಯೇ ಅನ್ನ ಬಡಿಸಿದಳು, ಯಾವಾಗಲೂ ಬಡಿಸುವ ಹಾಗೆ. ಮುಖ ಮಾತ್ರ ನೋಡಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬರೆಯಲು ಕೂತಿದ್ದೇನೆ. ಸೌಟು ನಿಂತದ್ದು. ಅನ್ನದ ಆವಿ. ಅವಳ ಕತ್ತಿನ ನರ ಒಮ್ಮೆ ಮಿಡಿದು ಇಳಿದದ್ದು... ಒಂದನ್ನೂ ಬಿಟ್ಟಿಲ್ಲ. ಇದು ದಿನಚರಿ, ಯಾರೂ ಓದುವುದಿಲ್ಲ. ಇದನ್ನು ಯಾವ ಹೆಸರಿನಲ್ಲೂ, ಯಾವ ಪುಸ್ತಕದಲ್ಲೂ ನಾನು —