ಇಬ್ಬರು ಯಜಮಾನರ ಲಾಂಡ್ರಿ

ಕಾಲೇಜು ಹಾಸ್ಟೆಲ್, ಎರಡನೇ ಮಹಡಿ
ಮಂಗಳವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಜ್ಜಿ,

ಮೊದಲು ಕ್ಷಮಿಸಿಬಿಡು. ಮಂಡಿ ಆಪರೇಶನ್ ಆಗಿ ಅತ್ತೆಯ ಮನೆಯಲ್ಲಿ ಮಲಗಿರುವವಳಿಗೆ ಕಾಗದ ಬರೆದು ತಲೆ ತಿನ್ನಬೇಡ ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಫೋನ್ ಮಾಡೋಣವೆಂದರೆ ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನಾನು ಕಿರುಚಿದ್ದು ಅತ್ತೆಗೂ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಮನಸ್ಸಿನಲ್ಲೇ ಓದಿಕೋ, ನಿನ್ನ ಅಭ್ಯಾಸದಂತೆ ಗಟ್ಟಿಯಾಗಿ ಓದಬೇಡ.

ಮಂಡಿ ಹೇಗಿದೆ? ಊತ ಇಳಿಯಿತಾ? ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ 'ಕಾಲು ನಿಂದೋ ನಂದೋ' ಅಂತ ಕೇಳಿ ವಾಪಸ್ ಕಳಿಸಿದೆಯಂತೆ. ಹಾಗೆ ಮಾಡಬೇಡ ಅಜ್ಜಿ, ನೀನು ಬೇಗ ನಡೆಯಬೇಕು. ಐದನೇ ಕ್ಲಾಸಿನಿಂದ ಹಾಸ್ಟೆಲ್ ಊಟ ತಿಂದವಳ ಕನ್ನಡ ಇದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಬಿಬಿಎ ಸೇರಿದಾಗ 'ಅಂಗಡಿ ಇಡೋದನ್ನೂ ಕಾಲೇಜಲ್ಲಿ ಕಲಿಸ್ತಾರೇನೇ' ಅಂತ ನಕ್ಕಿದ್ದೆಯಲ್ಲ, ಕಲಿಸುತ್ತಾರೆ. ಅಕೌಂಟ್ಸ್ ಸರ್ ಪಾಠ ಹೇಳುವುದು ಬೋರ್ಡಿಗೆ, ನಮಗಲ್ಲ. ಎಕನಾಮಿಕ್ಸ್ ಪುಸ್ತಕದ ಪ್ರಕಾರ ಮನುಷ್ಯರೆಲ್ಲ ಅಳೆದು ತೂಗಿ ಖರ್ಚು ಮಾಡುತ್ತಾರಂತೆ, ಬರೆದವರು ಅತ್ತೆಯನ್ನು ನೋಡಿಲ್ಲ. ಸ್ಟಾಟಿಸ್ಟಿಕ್ಸ್ ಮಾತು ಬೇಡ. ಬಿಸಿನೆಸ್ ಕಮ್ಯುನಿಕೇಶನ್‌ನಲ್ಲಿ ಕಾಗದ ಬರೆಯುವುದನ್ನೇ ಕಲಿಸುತ್ತಾರೆ: ಮೇಲೆ 'ವಿಷಯ' ಅಂತ ಹಾಕಿ ಒಂದೇ ಸಾಲಿನಲ್ಲಿ ಹೇಳಿಬಿಡಬೇಕು. ಇಲ್ಲಿ ಹಾಗೆ ಹಾಕಿದ್ದರೆ ನೀನು ಹೆದರಿ ಮಂಚದಿಂದ ಇಳಿದುಬಿಡುತ್ತಿದ್ದೆ. ನನಗೇ ಆ ಸಾಲು ಬರೆಯಲು ಕೈ ಬರಲಿಲ್ಲ.

ನನ್ನ ಜೀವ ಹಿಂಡುತ್ತಿರುವುದು ಇನ್ನೊಂದು ಪೇಪರ್, ಮ್ಯಾನೇಜ್‌ಮೆಂಟ್ ತತ್ವಗಳು. ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನ ಇರಬೇಕು, ಇಬ್ಬರಾದರೆ ಕೆಲಸ ಕೆಡುತ್ತದೆ ಅಂತ ಅದರಲ್ಲೊಂದು ಪಾಠ. ನಿಮಗೆ ಗೊತ್ತಿರುವ ಒಂದು ವ್ಯಾಪಾರದಲ್ಲಿ ಯಾರು ಯಾರಿಗೆ ಕೆಲಸ ಹೇಳುತ್ತಾರೆ, ಚಿತ್ರ ಬರೆದು ತನ್ನಿ ಅಂದರು ಮೇಡಂ. ಎಲ್ಲರೂ ಇಂಟರ್ನೆಟ್ಟಿನಿಂದ ದೊಡ್ಡ ದೊಡ್ಡ ಕಂಪನಿ ಇಳಿಸಿಕೊಂಡು ಬಂದರು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ನಮ್ಮ ಲಾಂಡ್ರಿ ಬರೆದೆ. ಮುಂದೆ ಕೌಂಟರಿನಲ್ಲಿ ಅಪ್ಪ, ಹಿಂದೆ ಮಷಿನುಗಳ ನಡುವೆ ಚಿಕ್ಕಪ್ಪ, ಮಧ್ಯೆ ನೇತುಹಾಕಿದ ಕೋಟುಗಳ ಸಾಲು. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸುತ್ತದೆ, ಆದರೂ ತಾತ ಹೋದಮೇಲೆ ಅವರಿಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಕೋಟುಗಳ ಪಕ್ಕ ನಿಂತು ಇಸ್ತ್ರಿ ಹಾಕುವ ಇಸ್ತ್ರಿ ಮಾಮನ ಮೂಲಕವೇ ಎಲ್ಲ. 'ಒಳಗಿನವರಿಗೆ ಹೇಳು, ಆಸ್ಪತ್ರೆ ಬೆಡ್‌ಶೀಟ್ ಸಂಜೆಗೆ ಬೇಕಂತೆ' ಅಂತ ಅಪ್ಪ. 'ಹೊರಗಿನವರಿಗೆ ಹೇಳು, ಬೆಡ್‌ಶೀಟೇನು ಅವರ ಮಾತು ಕೇಳಿ ಒಣಗುತ್ತಾ' ಅಂತ ಚಿಕ್ಕಪ್ಪ. ಇಬ್ಬರಿಗೂ ಕೇಳಿಸಿರುತ್ತದೆ, ಆದರೂ ಮಾಮ ಒಂದಕ್ಷರ ಬಿಡದೆ ಮತ್ತೆ ಒಪ್ಪಿಸಬೇಕು. ಅವರು ರಜೆ ಹಾಕಿದ ದಿನ ಅಪ್ಪ ತಕ್ಕಡಿಗೆ ಹೇಳುತ್ತಾರೆ, ಚಿಕ್ಕಪ್ಪ ಬಾಯ್ಲರಿಗೆ. ನನಗೆ ಇದೆಲ್ಲ ತಮಾಷೆಯಾಗಿತ್ತು. ಕ್ಲಾಸಿನಲ್ಲಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಮೇಡಂ ನಗಲಿಲ್ಲ. ಜೀವಂತ ಉದಾಹರಣೆ ಅಂದು ಅದನ್ನೇ ನಮ್ಮ ಗ್ರೂಪಿಗೆ ಪ್ರಾಜೆಕ್ಟ್ ಮಾಡಿಬಿಟ್ಟರು. ಈ ಶನಿವಾರ ಇಡೀ ಕ್ಲಾಸು ಲಾಂಡ್ರಿಗೆ ಬರುತ್ತದೆ. ವ್ಯಾಪಾರ ಸುಧಾರಿಸಲು ಏನು ಮಾಡಬೇಕು ಅಂತ ನಮ್ಮ ಶಿಫಾರಸನ್ನು ಅಲ್ಲೇ ನಿಂತು, ಯಜಮಾನರ ಎದುರಿಗೇ ಓದಬೇಕು. ನಾನು 'ಇಬ್ಬರೂ ಕೂತು ಮಾತಾಡಬೇಕು' ಅಂತ ಬರೆದಿದ್ದೆ. ಮೇಡಂ ಅದಕ್ಕೆ ಗೆರೆ ಎಳೆದು, 'ಇದು ಬುದ್ಧಿಮಾತಾಯ್ತು ಕಣಮ್ಮ, ಶಿಫಾರಸಲ್ಲ. ಮ್ಯಾನೇಜರ್ ಥರ ಯೋಚಿಸು' ಅಂದರು. ನಮ್ಮ ಗ್ರೂಪಿನ ಲೀಡರ್‌ ಹುಡುಗಿಯನ್ನು ನಾವು ಎಂಡಿ ಅಂತಲೇ ಕರೆಯುವುದು, ಅವಳು ತಕ್ಷಣ ಬರೆದಳು: ಪಾಲುದಾರರಲ್ಲಿ ಒಬ್ಬರು ಹೊರಹೋಗುವುದು ಸೂಕ್ತ. ಗಿರಾಕಿಗಳ ಪರಿಚಯ ಇರುವುದು ಮುಂದೆ ಕೌಂಟರಿನಲ್ಲಿರುವವರಿಗೆ, ಹಿಂದಿನ ಮಷಿನ್ ಕೆಲಸಕ್ಕೆ ಸಂಬಳದವರು ಸಿಗುತ್ತಾರೆ. ನಾನು ಬೇಡ ಅಂದೆ. 'ನಿಮ್ಮನೆ ಅಂತ ಸೆಂಟಿಮೆಂಟ್ ತರ್ಬೇಡ, ಬರೀ ಅಸೈನ್‌ಮೆಂಟ್ ತಾನೇ' ಅಂದಳು. ಬರೀ ಅಸೈನ್‌ಮೆಂಟ್ ತಾನೇ ಅಂತ ನಾನೂ ಸುಮ್ಮನಾದೆ. ಶನಿವಾರದೊಳಗೆ ಹೇಗಾದರೂ ಆ ಸಾಲು ತೆಗೆಸುತ್ತೇನೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಎಡವಟ್ಟಾಯಿತು. ಕ್ಲಾಸು ಬರಲು ವ್ಯಾಪಾರದವರ ಅನುಮತಿ ಬೇಕು, ಅದೂ ಇಮೇಲಿನಲ್ಲೇ ಬೇಕು. ಲಾಂಡ್ರಿ ರಸೀದಿಯ ಮೇಲಿದ್ದ ವಿಳಾಸ ಕೊಟ್ಟೆ. ಹೊರಗಿನ ವ್ಯವಹಾರವೆಲ್ಲ ಅಪ್ಪನದು, ಅಪ್ಪ ಮೇಲ್ ತೆರೆದವರೇ ಅಲ್ಲ, ನಾನೇ ಮನೆಗೆ ಹೋದಾಗ ತೆರೆದು ಹ್ಞೂಂ ಅಂತ ಉತ್ತರ ಹಾಕಿದರಾಯಿತು ಅಂತ ಲೆಕ್ಕ. ಎಂಡಿ ಶಿಸ್ತಿನವಳು, ಅನುಮತಿ ಪತ್ರದ ಜೊತೆ ಇಡೀ ರಿಪೋರ್ಟನ್ನೇ ಸೇರಿಸಿ ಕಳಿಸಿದ್ದಾಳೆ. ಮಷಿನ್ ಕಂಪನಿಯವರ ಮೇಲ್ ಬರುತ್ತದೆಂದು ಆ ವಿಳಾಸ ಚಿಕ್ಕಪ್ಪನ ಫೋನಿನಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ ಅಜ್ಜಿ. ಭಾನುವಾರ ಉತ್ತರ ಬಂತು: 'ಅನುಮತಿ ಇದೆ. ಮಕ್ಕಳು ಬಾಯ್ಲರ್ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ರಿಪೋರ್ಟ್ ಓದಿದೆ, ಸರಿಯಾಗಿದೆ.' ಅಷ್ಟೇ. ಆ 'ಸರಿಯಾಗಿದೆ' ಅನ್ನುವುದನ್ನು ಹತ್ತು ಸಲ ಓದಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿದರೆ, 'ಚೆನ್ನಾಗಿ ಬರ್ದಿದೀಯ ಪುಟ್ಟಿ, ಓದ್ಕೋ ಹೋಗು' ಅಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಮಗಳ ಕಾಲೇಜು ಮಷಿನ್ ನೋಡಲು ಬರುತ್ತಿದೆ ಅಂತಷ್ಟೇ ತಿಳಿದು ಕೌಂಟರಿಗೆ ಬಣ್ಣ ಹೊಡೆಸಿದ್ದಾರಂತೆ. 'ಒಳಗಿನವರಿಗೆ ಹೇಳು, ಅವತ್ತೊಂದಿನ ಆದ್ರೂ ಇಸ್ತ್ರಿ ಆಗಿರೋ ಷರ್ಟ್ ಹಾಕ್ಕೊಳ್ಳಲಿ, ಲಾಂಡ್ರಿ ಮಾನ ಹೋಗುತ್ತೆ' ಅಂತ ಹೇಳಿ ಕಳಿಸಿದರಂತೆ. ಅದಕ್ಕೆ ಚಿಕ್ಕಪ್ಪ ಎದುರು ಮಾತೇ ಆಡಲಿಲ್ಲವಂತೆ. ಯಾವತ್ತಾದರೂ ಹಾಗಾಗಿದ್ದುಂಟಾ? ಶನಿವಾರ ಎಂಡಿ ಆ ಸಾಲು ಓದಿದಾಗ ಅಪ್ಪನ ಮುಖ ಹೇಗಿರುತ್ತದೋ! ಸಾಲು ತೆಗೆಸಬಹುದು, ಮೇಡಂ ಕಾಲು ಹಿಡಿದಾದರೂ ತೆಗೆಸುತ್ತೇನೆ. ಓದಿದವರ ಮನಸ್ಸಿನಿಂದ ತೆಗೆಯುವುದು ಹೇಗೆ, ಅದು ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಅತ್ತೆಗೆ, ಮಾವನಿಗೆ ನಮಸ್ಕಾರ ಹೇಳು. ಮಾತ್ರೆ ತಪ್ಪಿಸಬೇಡ. ನಿನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಬೇಕು ಅನ್ನಿಸುತ್ತಿದೆ, ಮಂಡಿ ವಾಸಿಯಾಗಲಿ.

ನಿನ್ನ,
ಪುಟ್ಟಿ

ಮರೆತ ಮಾತು: ಕವರ್ ಅಂಟಿಸುವಷ್ಟರಲ್ಲಿ ಇಸ್ತ್ರಿ ಮಾಮನ ಫೋನ್ ಬಂತು. ಚಿಕ್ಕಪ್ಪ ನಿನ್ನೆಯಿಂದ ಅವರಿಗೆ ಬಾಯ್ಲರ್ ಹಚ್ಚುವುದು, ಆರಿಸುವುದು, ಸದ್ದು ಕೇಳಿ ಒತ್ತಡ ಗುರುತಿಸುವುದು ಎಲ್ಲ ಹೇಳಿಕೊಡುತ್ತಿದ್ದಾರಂತೆ. ಇಷ್ಟು ವರ್ಷ ಯಾರನ್ನೂ ಅದರ ಹತ್ತಿರಕ್ಕೆ ಬಿಟ್ಟವರಲ್ಲ. 'ಹೊರಗಿನವರಿಗೆ ಹೇಳ್ಲಾ' ಅಂದರೆ, 'ಈಗ್ಲೇ ಬೇಡ, ಮಕ್ಕಳದ್ದು ಶನಿವಾರ ಮುಗೀಲಿ' ಅಂದರಂತೆ. ಮಾಮ ಪ್ರಮೋಷನ್ ಅಂದುಕೊಂಡು ಖುಷಿಯಲ್ಲಿದ್ದಾರೆ. ನನಗೆ ಅರ್ಥವಾಯಿತು. ಮಾರ್ಕ್ಸಿಗೆ ಬರೆದದ್ದು ಅಂತ ನಾನೆಷ್ಟು ಹೇಳಿದರೂ ಚಿಕ್ಕಪ್ಪ ನಂಬುವುದಿಲ್ಲ, ನೀನು ಹೇಳಿದರೆ ಮೀರುವುದಿಲ್ಲ. ಈ ಕಾಗದ ತರುವ ನನ್ನ ರೂಮ್‌ಮೇಟ್ ಶುಕ್ರವಾರ ಬೆಳಿಗ್ಗೆ ವಾಪಸ್ ಹೊರಡುತ್ತಾಳೆ. ಲಾಂಡ್ರಿ ಬಿಟ್ಟು ಹೋಗಬೇಡ ಅಂತ ಚಿಕ್ಕಪ್ಪನಿಗೆ ನಿನ್ನ ಕೈಯಾರೆ ಎರಡು ಸಾಲು ಬರೆದು ಅವಳ ಹತ್ತಿರ ಕೊಡು. ನನಗೂ ಒಂದು ಸಾಲು ಬರಿ ಅಜ್ಜಿ, ಬೇಗ.